ಅಂಧಗಜನ್ಯಾಯದ ಆಚೆಗೆ

ಆನೆಯನ್ನು ಮುಟ್ಟಿ ನೋಡಿದ ಕುರುಡರ ಕಥೆಯನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಕಾಲನ್ನು ಮುಟ್ಟಿದವನು ಆನೆ ಕಂಬದಂತಿದೆ ಎಂದ. ಕಿವಿಯನ್ನು ಮುಟ್ಟಿದವನು ಮೊರದಂತಿದೆ ಎಂದ. ಬಾಲವನ್ನು ಹಿಡಿದವನು ಹಗ್ಗದಂತಿದೆ ಎಂದ. ಬೌದ್ಧರ ‘ಉದಾನ’ದಲ್ಲಿ ಈ ಕಥೆ ಬಂದಿದೆ, ಜೈನರು ಅನೇಕಾಂತವಾದವನ್ನು ತಿಳಿಯಹೇಳಲು ಇದನ್ನು ಬಳಸಿಕೊಂಡಿದ್ದಾರೆ, ಪಂಡಿತರ ಬಾಯಲ್ಲಿ ಇದು ‘ಅಂಧಗಜನ್ಯಾಯ’ವೆಂದು ಹೆಸರಾಗಿದೆ. ಅರೆತಿಳಿವಿನ ಹಟಕ್ಕೆ ಇದಕ್ಕಿಂತ ಸೊಗಸಾದ ದೃಷ್ಟಾಂತ ದೊರೆಯುವುದು ಕಷ್ಟ. ಆದರೆ ಈ ದೃಷ್ಟಾಂತವನ್ನು ಕಟ್ಟಿದವರು ಕಣ್ಣುಳ್ಳವರೇ ಇರಬೇಕು. ಕಣ್ಣಿಲ್ಲದವನು ನಿಜವಾಗಿ ಒಂದು ವಸ್ತುವನ್ನು ಅರಿಯಹೊರಟರೆ ಒಂದೆಡೆ ಮುಟ್ಟಿ ಅಲ್ಲಿಯೇ ನಿಂತುಬಿಡುವುದಿಲ್ಲ. ಸುತ್ತ ಬಳಸಿ ಬರುತ್ತಾನೆ, ಮೇಲೆ ಕೆಳಗೆ ಕೈಯಾಡಿಸುತ್ತಾನೆ, ಸದ್ದನ್ನು ಆಲಿಸುತ್ತಾನೆ, ಒಂದು ಗುರುತನ್ನು ಇನ್ನೊಂದಕ್ಕೆ ಕೂಡಿಸುತ್ತಾನೆ. ದಿನದಿನದ ಬಾಳು ಅವನಿಗೆ ಕಲಿಸಿರುವ ಮೊದಲ ಪಾಠವೇ ಅದು.

ಆಲೂರು, ಸಕಲೇಶಪುರದ ಗುಡ್ಡಗಳಲ್ಲಿ ಬಾಳುವವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಲ್ಲಿ ಆನೆ ಶಾಸ್ತ್ರಗ್ರಂಥದಿಂದ ಇಳಿದು ಬಂದು ಕಾಫಿಯ ತೋಟದಲ್ಲಿ, ಬತ್ತದ ಗದ್ದೆಯಲ್ಲಿ ನಿಂತಿರುತ್ತದೆ. ಹೈಕೋರ್ಟಿನ ಆದೇಶದಂತೆ ರಚಿತವಾದ ಕರ್ನಾಟಕದ ಆನೆ ಕಾರ್ಯಪಡೆಯು 2012ರ ತನ್ನ ವರದಿಯಲ್ಲಿ ಆಲೂರು ಸೀಮೆಯ ಆನೆಗಳ ಪ್ರಶ್ನೆಯನ್ನು ಪ್ರತ್ಯೇಕವಾಗಿಯೇ ಪರಿಶೀಲಿಸಬೇಕಾಯಿತು. ಮಳೆಗಾಲದ ಮಂಜು ಕವಿದ ಸಂಜೆ ತೋಟದ ದಾರಿಯಲ್ಲಿ ಮನೆಗೆ ಮರಳುವ ಕೂಲಿಕಾರನಿಗೆ ಹತ್ತು ಮಾರು ಆಚೆಯ ಮರ ಕಾಣದು. ಆಗ ಅವನು ಕಿವಿಯನ್ನೂ ಮೂಗನ್ನೂ ನೆಚ್ಚಿ ನಡೆಯುತ್ತಾನೆ. ಬಿದಿರು ಮುರಿದ ಸದ್ದು, ಹಸಿ ಲದ್ದಿಯ ವಾಸನೆ, ಮುಂದೆ ಓಡಿದ ನಾಯಿ ಬಾಲ ಮುದುರಿಕೊಂಡು ಹಿಂದಿರುಗಿದ್ದು, ಇವನ್ನೆಲ್ಲ ಒಂದಕ್ಕೊಂದು ಹೊಂದಿಸಿ ಆನೆ ಎಲ್ಲಿದೆ, ಯಾವ ಕಡೆಗೆ ಸರಿಯುತ್ತಿದೆ ಎಂಬುದನ್ನು ಊಹಿಸುತ್ತಾನೆ. ಆ ಹೊತ್ತಿನಲ್ಲಿ ಅವನೂ ಅಂಧಗಜನ್ಯಾಯದ ಒಬ್ಬ ಕುರುಡನೇ. ಆದರೆ ಕಥೆಯ ಕುರುಡನಂತೆ ಹಟ ಹಿಡಿದು ನಿಲ್ಲುವ ಸೌಕರ್ಯ ಅವನಿಗಿಲ್ಲ. ಊಹೆ ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಹೀಗೆ ತುಣುಕು ತುಣುಕಾದ ಗುರುತುಗಳನ್ನು ಕೂಡಿಸಿ ಅರಿಯುವ ವಿದ್ಯೆಯನ್ನೇ ಬೆನ್ನೆಲುಬಾಗಿ ಮಾಡಿಕೊಂಡ ಒಂದು ಸಾಹಸಕಾದಂಬರಿ ಇಂಗ್ಲಿಷಿನಲ್ಲಿದೆ. ಹದಿಹರೆಯದ ಓದುಗರಿಗಾಗಿ ಅಮೆರಿಕದ ಓರೆಗಾನ್ ಪ್ರಾಂತದ ಲೇಖಕಿ ಏಪ್ರಿಲ್ ಹೆನ್ರಿ ಬರೆದ ‘ಗರ್ಲ್, ಸ್ಟೋಲನ್’ ಎಂಬ ಈ ಕೃತಿ 2010ರಲ್ಲಿ ಪ್ರಕಟವಾಯಿತು. ಇದರ ಮುಂದಿನ ಕಥೆ ‘ಕೌಂಟ್ ಆಲ್ ಹರ್ ಬೋನ್ಸ್’ 2017ರಲ್ಲಿ ಹೊರಬಂತು. ಕಥೆಗೆ ಬೀಜವಾದದ್ದು ಒಂದು ವಾಸ್ತವ ಸುದ್ದಿ. ಅಂಧ ಹುಡುಗಿಯೊಬ್ಬಳು ಕಾರಿನಲ್ಲಿ ಕುಳಿತು ಕಾಯುತ್ತಿದ್ದಾಗ ಕಳ್ಳನೊಬ್ಬ ಆ ಕಾರನ್ನು ಕದ್ದೊಯ್ದ; ಒಳಗೆ ಹುಡುಗಿ ಇರುವುದು ತಿಳಿದ ಮೇಲೆ ಅವಳನ್ನು ಇಳಿಸಿ ಹೋದ. ಅವನು ಇಳಿಸದೆ ಹೋಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯಿಂದ ಕಾದಂಬರಿ ಹುಟ್ಟಿತು.

ಕಥಾನಾಯಕಿ ಶೆಯಾನ್ ವೈಲ್ಡರ್ ಹದಿನಾರರ ಹುಡುಗಿ. ಮೂರು ವರ್ಷಗಳ ಹಿಂದೆ ನಡೆದ ಅಪಘಾತದಲ್ಲಿ ತಾಯಿ ಸತ್ತಳು, ಮಗಳು ಕಣ್ಣು ಕಳೆದುಕೊಂಡಳು. ಈಗ ಅವಳಿಗೆ ನ್ಯುಮೋನಿಯಾ ಜ್ವರ. ಮಲತಾಯಿ ಔಷಧ ತರಲು ಅಂಗಡಿಯೊಳಗೆ ಹೋಗಿದ್ದಾಳೆ. ಹುಡುಗಿ ಕಾರಿನ ಹಿಂದಿನ ಆಸನದಲ್ಲಿ ಹೊದಿಕೆ ಹೊದ್ದು ಮಲಗಿದ್ದಾಳೆ. ಗ್ರಿಫಿನ್ ಎಂಬ ಹುಡುಗ ಅವಳನ್ನು ಕಾಣದೆಯೇ ಕಾರನ್ನು ಕದ್ದು ಓಡಿಸುತ್ತಾನೆ. ಗಾಡಿ ನಡೆಸುತ್ತಿರುವುದು ಮಲತಾಯಿಯಲ್ಲ, ಬೇರೆ ಯಾರೋ ಎಂಬುದು ಹುಡುಗಿಗೆ ಕಣ್ಣಿಲ್ಲದೆಯೇ ತಿಳಿಯುತ್ತದೆ. ಕದ್ದ ಮಾಲನ್ನು ಗ್ರಿಫಿನ್ ತಂದೊಪ್ಪಿಸುವುದು ತನ್ನ ತಂದೆ ರಾಯ್‌ನ ಬಳಿಗೆ. ಹುಡುಗಿಯ ತಂದೆ ನೈಕೀ ಎಂಬ ಪ್ರಖ್ಯಾತ ಕಂಪನಿಯ ಅಧ್ಯಕ್ಷನೆಂಬುದು ಗೊತ್ತಾದಾಗ ಆಕಸ್ಮಿಕವಾಗಿ ನಡೆದ ಕಳವು ಒತ್ತೆಹಣದ ವ್ಯವಹಾರವಾಗುತ್ತದೆ. ಇಲ್ಲಿಂದ ಮುಂದಿನದನ್ನು, ಅದರಲ್ಲಿಯೂ ಕಥೆಯ ಕೊನೆಯನ್ನು, ವಾಚಕರಿಗೆ ಮೊದಲೇ ಹೇಳಿಬಿಡುವುದು ಈ ಜಾತಿಯ ಕೃತಿಗಳಿಗೆ ಮಾಡುವ ದ್ರೋಹವಾದೀತು.

ಪತ್ತೇದಾರಿ, ಸಾಹಸಕಥೆಗಳೆಂದರೆ ನಮ್ಮ ವಿದ್ವದ್ವಲಯದಲ್ಲಿ ಒಂದು ಬಗೆಯ ಉಪೇಕ್ಷೆ ಉಂಟು. 1950ರ ದಶಕದಿಂದ ಮೊದಲ್ಗೊಂಡು ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು ಸಾಮಾನ್ಯ ಜನರಲ್ಲಿ ಓದುವ ಹವ್ಯಾಸವನ್ನು ಬೆಳೆಸಿದರೂ, ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಅವರಿಗೆ ದೊರೆತ ಸ್ಥಳ ಅತ್ಯಲ್ಪ. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ 1994ರಲ್ಲಿ ಬಂದ ಮೇಲೆ ಈ ಧೋರಣೆ ಕೊಂಚ ಸಡಿಲವಾಯಿತೆನ್ನಬಹುದು. ಏಲಕ್ಕಿ ಬೆಳೆಯುವ ದಂಪತಿಗಳು ಒಂದು ದಿನದ ಅವಧಿಯಲ್ಲಿ ಸಿಕ್ಕಿಕೊಳ್ಳುವ ಜಾಲದ ಕಥೆಯಲ್ಲಿ ನಮ್ಮ ಮಲೆನಾಡಿನ ಆರ್ಥಿಕ ಜೀವನವೇ ಅಡಗಿತ್ತು. ಎದೆ ಡವಗುಟ್ಟಿಸುವ ಕಥೆಯೂ ಮನುಷ್ಯನ ವಿಷಯದಲ್ಲಿ ಏನಾದರೊಂದು ಹೊಸದನ್ನು ಹೇಳಬಲ್ಲದೆಂಬುದಕ್ಕೆ ಅದು ನಮ್ಮ ಭಾಷೆಯ ಸಾಕ್ಷಿ. ಏಪ್ರಿಲ್ ಹೆನ್ರಿಯ ಕಾದಂಬರಿಯನ್ನು ಅದೇ ಅಳತೆಗೋಲಿನಿಂದ ನೋಡುವುದು ಉಚಿತ.

ಭಯಾನಕ ರಸಕ್ಕೆ ಬೇಕಾದ ವಿಭಾವಗಳೆಲ್ಲ ಇಲ್ಲಿ ಸಿದ್ಧವಾಗಿವೆ: ಅಪರಿಚಿತ ಸ್ಥಳ, ಕ್ರೂರಿಗಳಾದ ಗಂಡಸರು, ಜ್ವರದಿಂದ ಬಳಲಿದ ಎಳೆಯ ಹುಡುಗಿ. ಸಾಮಾನ್ಯ ಲೇಖಕ ಇವಕ್ಕೆ ಕುರುಡನ್ನೂ ಸೇರಿಸಿ ಕರುಣೆಯನ್ನು ಇಮ್ಮಡಿಗೊಳಿಸುತ್ತಿದ್ದ. ಈ ಲೇಖಕಿ ಹಾಗೆ ಮಾಡಿಲ್ಲ. ಕಾಣುವುದಿಲ್ಲವೆಂದ ಮೇಲೆ ಈ ಹುಡುಗಿಗೆ ಏನೂ ತಿಳಿಯುವುದಿಲ್ಲವೆಂಬುದು ಅಪಹರಿಸಿದವರ ನಂಬಿಕೆ. ಆದುದರಿಂದ ಅವಳ ಎದುರಿಗೆ ಅವರು ಅಜಾಗರೂಕರಾಗುತ್ತಾರೆ. ಅವಳಾದರೋ ದನಿಗಳನ್ನು ಬೇರ್ಪಡಿಸಿ ಜನರನ್ನು ಎಣಿಸುತ್ತಾಳೆ, ಹೆಜ್ಜೆಗಳನ್ನು ಲೆಕ್ಕವಿಡುತ್ತಾಳೆ, ಮಾತಿನ ಏರಿಳಿತದಿಂದ ಯಾರ ಮನಸ್ಸು ಮೆದು, ಯಾರದು ಕಲ್ಲು ಎಂಬುದನ್ನು ತೂಗುತ್ತಾಳೆ. ಅವಳ ಮಾರ್ಗದರ್ಶಿ ನಾಯಿ ಫ್ಯಾಂಟಮ್ ಮನೆಯಲ್ಲಿ ಉಳಿದಿದೆ. ಇಲ್ಲಿರುವುದು ಡ್ಯೂಕ್ ಎಂಬ ಒರಟು ನಾಯಿ. ಅದನ್ನು ಒಲಿಸಿಕೊಂಡರೆ ದಾರಿ ತೋರಬಹುದೇ ಎಂದು ಅವಳು ಯೋಚಿಸುತ್ತಾಳೆ. ಹೆದರಿಕೆ ಅವಳನ್ನು ಒಮ್ಮೆಯೂ ಬಿಡುವುದಿಲ್ಲ. ಲೆಕ್ಕ ತಪ್ಪುವುದೂ ಉಂಟು. ಆದರೆ ಹೆದರಿಕೆಯ ನಡುವೆಯೂ ಬುದ್ಧಿ ಕೆಲಸ ಮಾಡುತ್ತಲೇ ಇರುತ್ತದೆ. ಇಲ್ಲಿ ಅಂಧಗಜನ್ಯಾಯ ತಿರುವುಮುರುವಾಗಿದೆ. ಒಂದೇ ಒಂದು ಗುರುತನ್ನು ಹಿಡಿದು ಇಡೀ ವ್ಯಕ್ತಿಯನ್ನು ಅಳೆದವರು ಕಣ್ಣುಳ್ಳ ಅಪಹರಣಕಾರರು. ಸುತ್ತ ಬಳಸಿ ಬಂದು ಇಡಿಯನ್ನು ಅರಿಯಲೆತ್ನಿಸಿದವಳು ಕಣ್ಣಿಲ್ಲದ ಹುಡುಗಿ.

ಇದು ಕೇವಲ ಕವಿಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಗೋಡೆ ಸಮೀಪಿಸಿದುದನ್ನು ಅಂಧರು ಮುಖದ ಚರ್ಮದಿಂದ ಅರಿಯುತ್ತಾರೆಂದು ಬಹುಕಾಲದವರೆಗೆ ನಂಬಿಕೆಯಿತ್ತು. ಅಂಧರಲ್ಲಿಯೇ ಅನೇಕರು ಹಾಗೆ ಹೇಳುತ್ತಿದ್ದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಸುಪಾ, ಮಿಲ್ಟನ್ ಕಾಟ್ಜಿನ್, ಕಾರ್ಲ್ ಡಲೆನ್‌ಬಾಕ್ ಎಂಬ ಮೂವರು ಇದನ್ನು ಪ್ರಯೋಗಕ್ಕೊಡ್ಡಿ 1944ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇವರಲ್ಲಿ ಸುಪಾ ಸ್ವತಃ ಅಂಧರು. ಮುಖಕ್ಕೆ ಮುಸುಕು ಹಾಕಿದಾಗಲೂ ಜನ ಗೋಡೆಯನ್ನು ಗುರುತಿಸಿದರು. ಕಿವಿಯನ್ನು ಮುಚ್ಚಿದಾಗ ಹೋಗಿ ಗೋಡೆಗೆ ತಗುಲಿದರು. ಮಾರ್ದನಿಯೇ ಗುಟ್ಟೆಂಬುದು ಸ್ಪಷ್ಟವಾಯಿತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ದೃಷ್ಟಿಯುಳ್ಳವರೂ ಅಭ್ಯಾಸಬಲದಿಂದ ಈ ವಿದ್ಯೆಯನ್ನು ಕಲಿತರು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟವಿಳಿಯುವ ರೈಲುಮಾರ್ಗದಲ್ಲಿ 57 ಸುರಂಗಗಳಿವೆ. ಕಣ್ಣು ಮುಚ್ಚಿ ಕುಳಿತ ಪ್ರಯಾಣಿಕನಿಗೂ ಗಾಡಿ ಸುರಂಗವನ್ನು ಹೊಕ್ಕದ್ದು, ಹೊರಬಿದ್ದದ್ದು, ಸೇತುವೆಯ ಮೇಲೆ ಬಂದದ್ದು ಸದ್ದಿನ ವ್ಯತ್ಯಾಸದಿಂದಲೇ ತಿಳಿಯುತ್ತದೆ. ನಮ್ಮೆಲ್ಲರಲ್ಲಿಯೂ ಇರುವ ಈ ಶಕ್ತಿಯನ್ನು ನಾವು ದುಡಿಸಿಕೊಳ್ಳುವುದಿಲ್ಲ. ಅಂಧರು ದುಡಿಸಿಕೊಂಡು ಹದಗೊಳಿಸುತ್ತಾರೆ.

ಬಿಳಿಕೋಲಿನ ವಿಷಯವೂ ಹೀಗೆಯೇ. ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ರಿಚರ್ಡ್ ಹೂವರ್ ಎಂಬಾತ 1940ರ ದಶಕದಲ್ಲಿ ಅಮೆರಿಕದ ಸೈನಿಕ ಆಸ್ಪತ್ರೆಯೊಂದರಲ್ಲಿ ಉದ್ದ ಕೋಲಿನ ಪದ್ಧತಿಯನ್ನು ರೂಪಿಸಿದ. ಕೋಲನ್ನು ಎಡಬಲಕ್ಕೆ ಬೀಸುತ್ತ, ಮುಂದಿನ ಹೆಜ್ಜೆ ಬೀಳುವ ನೆಲವನ್ನು ಮೊದಲೇ ಮುಟ್ಟಿ ಪರೀಕ್ಷಿಸುವ ಕ್ರಮವದು. ಅಂಧರಿಗೆ ದಾರಿ ತೋರುವವರು ಅವರ ರಟ್ಟೆ ಹಿಡಿದು ಎಳೆಯಬಾರದು; ತಮ್ಮ ಮೊಣಕೈಯನ್ನು ಅವರು ಹಿಡಿದುಕೊಳ್ಳುವಂತೆ ಬಿಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ನೋಡುವವರಿಗೆ ಎರಡೂ ಒಂದೇ ಎನಿಸೀತು. ಆದರೆ ಮೊದಲನೆಯದರಲ್ಲಿ ಅಂಧನು ಸಾಗಿಸಲ್ಪಡುವ ಗಂಟುಮೂಟೆ, ಎರಡನೆಯದರಲ್ಲಿ ತಾನಾಗಿ ನಡೆಯುವ ಮನುಷ್ಯ.

ಈಗ ನಮ್ಮ ಸಾಹಿತ್ಯದ ಕಡೆಗೆ ತಿರುಗೋಣ. ನಮ್ಮ ಕವಿಗಳು ಅಂಧರಿಗೆ ಕೊಟ್ಟಿರುವ ಸ್ಥಾನವೇನು? ಮೊದಲು ನೆನಪಿಗೆ ಬರುವವನು ಧೃತರಾಷ್ಟ್ರ. ಪಂಪನಿಂದ ಕುಮಾರವ್ಯಾಸನವರೆಗೆ ಅವನ ಕುರುಡು ಕೇವಲ ಕಣ್ಣಿನ ಕುರುಡಾಗಿ ಉಳಿಯದೆ ಪುತ್ರವ್ಯಾಮೋಹದ ಸಂಕೇತವಾಗಿದೆ. ‘ಕುರುಡು ನಂಬಿಕೆ’, ‘ಕುರುಡು ಪ್ರೇಮ’ ಎಂಬ ನಮ್ಮ ನುಡಿಗಟ್ಟುಗಳಲ್ಲಿಯೂ ಕಾಣದಿರುವಿಕೆಯೆಂದರೆ ಅವಿವೇಕವೆಂದೇ ಅರ್ಥ. ಎರಡನೆಯದಾಗಿ ಶ್ರವಣಕುಮಾರನ ತಂದೆತಾಯಿಗಳು. ಮಗನ ಹೆಗಲ ಮೇಲಿನ ಅಡ್ಡೆಯಲ್ಲಿ ಕುಳಿತು ತೀರ್ಥಯಾತ್ರೆ ಮಾಡುವ ನಿಸ್ಸಹಾಯರು. ಆದರೆ ಆ ಕಥೆಯಲ್ಲಿ ನಾವು ಅಷ್ಟಾಗಿ ಗಮನಿಸದ ಒಂದು ಅಂಶವಿದೆ. ಸದ್ದನ್ನೇ ಗುರಿಯಾಗಿಟ್ಟು ಬಾಣ ಬಿಡಬಲ್ಲೆನೆಂಬ ಹೆಮ್ಮೆಯ ದಶರಥನು, ಇರುಳಿನಲ್ಲಿ ಕೊಡ ತುಂಬುವ ಸದ್ದನ್ನು ಕೇಳಿ ಆನೆಯೊಂದು ನೀರು ಕುಡಿಯುತ್ತಿದೆಯೆಂದು ಬಗೆದು ಬಾಣ ಬಿಟ್ಟನು. ಒಂದೇ ಒಂದು ಗುರುತಿನಿಂದ ಇಲ್ಲದ ಆನೆಯನ್ನು ಕಟ್ಟಿದವನು ಕಣ್ಣುಳ್ಳ ಅರಸು. ಅದರ ಬೆಲೆ ತೆತ್ತವರು ಕಣ್ಣಿಲ್ಲದ ಮುದುಕರು. ಅಂಧಗಜನ್ಯಾಯಕ್ಕೆ ಇದಕ್ಕಿಂತ ಘೋರವಾದ ಉದಾಹರಣೆ ಬೇರೊಂದಿಲ್ಲ.

ಮೂರನೆಯ ಸ್ಥಾನ ಪೂಜ್ಯರದು. ಇದು ಪುರಾಣದ ಮಾತಲ್ಲ, ನಮ್ಮ ನಾಡಿನ ಚರಿತ್ರೆ. ಹಾನಗಲ್ಲಿನ ಸೀಮೆಯಲ್ಲಿ 1892ರಲ್ಲಿ ಹುಟ್ಟಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಸಂಗೀತವನ್ನು ಧಾರೆಯೆರೆದ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಕಣ್ಮರೆಯಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಬಾಳಿ, ಗುರುವಿನ ಕೆಲಸವನ್ನು ಮುಂದುವರಿಸಿ, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಕೃತಿರಚನೆ ಮಾಡಿದರು. ಇಂತಹವರ ಬಾಳು ನಾಡಿಗೇ ಭೂಷಣ. ಆದರೆ ಇದರಿಂದ ಲೋಕದ ರೂಢಿಯಲ್ಲಿ ಒಂದು ತೊಡಕು ಹುಟ್ಟಿದೆ. ಅಂಧ ಬಾಲಕನನ್ನು ಕಂಡೊಡನೆ ‘ಸಂಗೀತ ಕಲಿಯುತ್ತೀಯೇನಪ್ಪ?’ ಎಂದು ಕೇಳುವವರೇ ಹೆಚ್ಚು. ಗಣಿತವನ್ನೋ ವಕೀಲಿಯನ್ನೋ ಕಲಿಯುವೆಯಾ ಎಂದು ಕೇಳುವವರು ವಿರಳ. ಮರುಕ ಒಂದು ಕೊನೆಯಾದರೆ ಭಕ್ತಿ ಇನ್ನೊಂದು ಕೊನೆ. ಇವೆರಡರ ನಡುವೆ, ಹೆದರಿಕೆಯೂ ಹಂಚಿಕೆಯೂ ಸಿಟ್ಟೂ ಉಳ್ಳ ಸಾಮಾನ್ಯ ಹುಡುಗ ಹುಡುಗಿಯರಿಗೆ ನಮ್ಮ ಕಥೆಗಳಲ್ಲಿ ದೊರೆತಿರುವ ಎಡೆ ತೀರ ಕಿರಿದು.

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ರನ್ನನ ‘ಗದಾಯುದ್ಧ’ವನ್ನು ಪಾಠ ಹೇಳುತ್ತಿದ್ದೆ. ಧೃತರಾಷ್ಟ್ರ ಗಾಂಧಾರಿಯರು ಮಗನನ್ನು ಅರಸಿ ರಣರಂಗಕ್ಕೆ ಬಂದು ಸಂಧಿಗೆ ಒಪ್ಪಿಸಲೆಳಸುವ ಸನ್ನಿವೇಶ. ಹುಟ್ಟಿನಿಂದ ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಸಾರ್, ಆ ರಣರಂಗ ಅವರಿಗೆ ಹೇಗೆ ಕೇಳಿಸಿತು?” ಎಂದು ಕೇಳಿದ. ತರಗತಿ ಸ್ತಬ್ಧವಾಯಿತು. ವ್ಯಾಖ್ಯಾನಗಳಲ್ಲಿ ನಾವು ಆ ಇಬ್ಬರ ದುಃಖವನ್ನು ಬಣ್ಣಿಸುತ್ತೇವೆ, ವಾತ್ಸಲ್ಯವನ್ನು ಬಣ್ಣಿಸುತ್ತೇವೆ. ಹದ್ದುನರಿಗಳ ಕೂಗು, ಕಾಲಿಗೆ ತೊಡರುವ ಮುರಿದ ರಥಗಳು, ನೆತ್ತರ ವಾಸನೆ, ಇವುಗಳ ನಡುವೆ ಕಾಣದ ತಂದೆಗೂ ಕಣ್ಣು ಕಟ್ಟಿಕೊಂಡ ತಾಯಿಗೂ ಏನು ತಿಳಿಯಿತೆಂದು ಕೇಳುವುದಿಲ್ಲ. ಆ ಹುಡುಗನಿಗೆ ಅದೇ ಮೊದಲು ಹೊಳೆದ ಪ್ರಶ್ನೆ. ಅವನು ಕಾವ್ಯದೊಳಗೆ ತನ್ನಂತಹವನೊಬ್ಬನನ್ನು ಹುಡುಕುತ್ತಿದ್ದ.

ಪಶ್ಚಿಮದ ಸಾಹಿತ್ಯದಲ್ಲಿಯೂ ಈ ದಾರಿ ಒಮ್ಮೆಗೇ ತೆರೆಯಲಿಲ್ಲ. ಎಚ್. ಜಿ. ವೆಲ್ಸ್ 1904ರಲ್ಲಿ ‘ದಿ ಕಂಟ್ರಿ ಆಫ್ ದಿ ಬ್ಲೈಂಡ್’ ಎಂಬ ಕಥೆಯನ್ನು ಬರೆದ. ಆಂಡೀಸ್ ಪರ್ವತದ ಕಣಿವೆಯಲ್ಲಿ ಕುರುಡರ ನಾಡನ್ನು ಹೊಕ್ಕ ಕಣ್ಣುಳ್ಳವನೊಬ್ಬ ತಾನು ಅಲ್ಲಿ ರಾಜನಾಗುವೆನೆಂದು ಹಿಗ್ಗುತ್ತಾನೆ. ಆದರೆ ಅವರ ಬದುಕು ಕಣ್ಣಿನ ಹಂಗಿಲ್ಲದೆ ಕಟ್ಟಿದ ಬದುಕಾದ್ದರಿಂದ ಅವನೇ ಅಲ್ಲಿ ದಡ್ಡನೆನಿಸುತ್ತಾನೆ. 1966ರಲ್ಲಿ ಫ್ರೆಡರಿಕ್ ನಾಟ್ ಬರೆದ ‘ವೇಟ್ ಅಂಟಿಲ್ ಡಾರ್ಕ್’ ನಾಟಕ ಮರುವರ್ಷವೇ ಚಲನಚಿತ್ರವಾಯಿತು. ಅದರ ಅಂಧ ನಾಯಕಿ ಮನೆಯ ದೀಪಗಳನ್ನು ಒಡೆದುಹಾಕಿ ದುಷ್ಟರನ್ನು ತನ್ನ ಕತ್ತಲೆಗೆ ಎಳೆದುಕೊಳ್ಳುತ್ತಾಳೆ. ಅವಳು ಮರೆತದ್ದು ಶೀತಕಪೆಟ್ಟಿಗೆಯೊಳಗಿನ ದೀಪವನ್ನು. ಕನ್ನಡದಲ್ಲಿ 2019ರ ‘ಕವಚ’ ಚಿತ್ರದ ನಾಯಕ ಅಂಧ. ಬಾಲಕಿಯೊಬ್ಬಳನ್ನು ಕೊಲೆಗಾರನಿಂದ ಕಾಯುವವನು. ಇಂತಹ ಚಿತ್ರಗಳಲ್ಲಿ ಒಂದು ಅಪಾಯವಿದೆ. ಕಣ್ಣು ಹೋದೊಡನೆ ಮಿಕ್ಕ ಇಂದ್ರಿಯಗಳು ದಿವ್ಯಶಕ್ತಿಯನ್ನು ಪಡೆದುಬಿಡುತ್ತವೆಯೆಂಬ ಭ್ರಮೆಯನ್ನು ಅವು ಸುಲಭವಾಗಿ ಬಿತ್ತಬಲ್ಲವು. ಪವಾಡಪುರುಷನಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಪಕ್ಕದ ಬೆಂಚಿನಲ್ಲಿ ಕುಳಿತವನಿಗೆ ಸ್ಥಳ ಬಿಡುವುದಿಲ್ಲ. ಶೆಯಾನ್ ವೈಲ್ಡರಳ ಕಥೆ ಈ ಅಪಾಯದಿಂದ ಬಹುಮಟ್ಟಿಗೆ ಪಾರಾಗಿದೆ. ಅವಳಿಗೆ ತಿಳಿದಿರುವುದೆಲ್ಲ ಮೂರು ವರ್ಷಗಳಲ್ಲಿ ಅಳುತ್ತ, ಎಡವುತ್ತ ಕಲಿತದ್ದು.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಕದ್ದ ಕಾರಿನಲ್ಲಿ ಸಿಕ್ಕವಳು ಕೋಟ್ಯಧಿಪತಿಯ ಮಗಳೇ ಆಗಿರಬೇಕಾದುದು ಕಥೆಯ ಅನುಕೂಲಕ್ಕಾಗಿ ತಂದ ಕಾಕತಾಳೀಯ. ಗ್ರಿಫಿನ್ನನ ಮನಸ್ಸಿನ ಹೊಯ್ದಾಟವನ್ನು ಚೆನ್ನಾಗಿ ಬಿಡಿಸಿದ ಲೇಖಕಿ ಅವನ ತಂದೆಯನ್ನು ಒಂದೇ ಬಣ್ಣದಲ್ಲಿ ಬಳಿದಿದ್ದಾಳೆ. ಭಾಷೆಯಲ್ಲಿ ಓಟವಿದೆ, ಧ್ವನಿಯಿಲ್ಲ. ಆದರೂ ಅಂಧತೆಯನ್ನು ಕಥೆಯ ಅಲಂಕಾರವಾಗಿಸದೆ ಕಥೆಯ ನಡೆಯಾಗಿಸಿದ ಔಚಿತ್ಯಪ್ರಜ್ಞೆಗಾಗಿ ಈ ಲೇಖಕಿಯನ್ನು ಮೆಚ್ಚಲೇಬೇಕು.

ಇಂತಹ ಕಥೆ ನಮ್ಮ ಸೀಮೆಯಲ್ಲಿ ನಡೆದರೆ ಹೇಗಿದ್ದೀತು? ಕಾಫಿಯ ತೋಟದ ಒಂಟಿ ಮನೆಯಿಂದ ತಪ್ಪಿಸಿಕೊಂಡ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಕಾಫಿ ಒಣಗಿಸುವ ಕಣದ ಗಟ್ಟಿನೆಲ ಮುಗಿದು ತರಗೆಲೆಯ ಮೆತ್ತೆ ಕಾಲಿಗೆ ಸಿಕ್ಕರೆ ಅವಳು ಮರಗಳ ನೆರಳಿಗೆ ಬಂದಳು. ಇಳಿಜಾರು ಹಿಡಿದು ನಡೆದರೆ ಹಳ್ಳದ ಸದ್ದು. ಹಳ್ಳದ ಜೊತೆಯಲ್ಲಿ ಹೋದರೆ ಗದ್ದೆಯ ಬದು. ಬದುವಿನ ತುದಿಯಲ್ಲಿ ಎಲ್ಲಿಯೋ ಒಂದು ಮನೆ, ಮನೆಯ ನಾಯಿ. ದೂರದ ರೈಲಿನ ಕೂಗು ದಿಕ್ಕನ್ನು ಹೇಳುತ್ತದೆ. ಹೆದ್ದಾರಿಯಲ್ಲಿ ಏರು ಹತ್ತುವ ಲಾರಿಯ ನರಳಾಟ ದೂರವನ್ನು ಹೇಳುತ್ತದೆ. ಸೋನೆಮಳೆ ಹಿಡಿದರೆ ಈ ಸದ್ದುಗಳೆಲ್ಲ ಕಲಸಿಹೋಗುತ್ತವೆ. ಕಥೆಯ ನಿಜವಾದ ಕತ್ತಲೆ ಅವಳಿಗೆ ಆಗ ಆರಂಭವಾಗುತ್ತದೆ. ಮಲೆನಾಡನ್ನು ಕಣ್ಣಿನಿಂದ ಬಣ್ಣಿಸಿದ ಕನ್ನಡ ಕೃತಿಗಳು ಬೇಕಾದಷ್ಟಿವೆ. ಕಿವಿಯಿಂದಲೂ ಅಂಗಾಲಿನಿಂದಲೂ ಅದನ್ನು ಬರೆಯುವ ಕೆಲಸ ನಮ್ಮ ತರುಣ ಲೇಖಕರನ್ನು ಕಾಯುತ್ತಿದೆ.

ಬರೆದರೆ ಮಾತ್ರ ಸಾಲದು. ಯಾರನ್ನು ಕುರಿತು ಬರೆದೆವೋ ಅವರು ಓದುವಂತಾಗಬೇಕು. ಮೈಸೂರಿನಲ್ಲಿ ಅಂಧರ ಶಾಲೆ 1901ರಷ್ಟು ಹಿಂದೆಯೇ ಆರಂಭವಾಯಿತು. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಬ್ರೈಲ್ ಲಿಪಿಯ ಏಕರೂಪ ಪದ್ಧತಿ ಗೊತ್ತಾಯಿತು. ಕೃತಿಸ್ವಾಮ್ಯದ ಕಾಯಿದೆಗೆ 2012ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಲಾಭದ ಉದ್ದೇಶವಿಲ್ಲದೆ ಅಂಧರ ಬಳಕೆಗಾಗಿ ಒಂದು ಪುಸ್ತಕವನ್ನು ಬ್ರೈಲಿಗೋ ಧ್ವನಿರೂಪಕ್ಕೋ ತರುವುದಕ್ಕೆ ಹಕ್ಕುದಾರರ ಅಪ್ಪಣೆ ಬೇಕಾಗಿಲ್ಲ. ಇದೇ ಉದ್ದೇಶದ ಮರಾಕೇಶ್ ಅಂತಾರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ಭಾರತ. ಕಾನೂನು ಬಾಗಿಲು ತೆರೆದಿದೆ. ಒಳಗೆ ಇಡಬೇಕಾದ ಪುಸ್ತಕಗಳನ್ನು ನಾವು ಸಿದ್ಧಪಡಿಸಬೇಕು. ಒಂದೊಂದು ಕಾಲೇಜಿನ ಕನ್ನಡ ವಿಭಾಗದಲ್ಲಿ ಹತ್ತು ಮಂದಿ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ, ಇಂತಹ ಕಾರ್ಯದಲ್ಲಿ ತೊಡಗಿರುವ ಅಂಧರ ಸಂಸ್ಥೆಯೊಂದರೊಡನೆ ಸೇರಿ, ವರ್ಷಕ್ಕೆ ಒಂದೆರಡು ಕಾದಂಬರಿಗಳನ್ನು ಸ್ಪಷ್ಟವಾಗಿ ಓದಿ ಧ್ವನಿಮುದ್ರಿಸಿ ಕೊಡುವುದು ಅಸಾಧ್ಯವೇನಲ್ಲ. ಪಠ್ಯಪುಸ್ತಕಗಳ ಜೊತೆಗೆ ಒಂದಾದರೂ ಪತ್ತೇದಾರಿ ಕಥೆ ಇರಲಿ. ಪರೀಕ್ಷೆಗಾಗಿ ಓದುವುದನ್ನು ಅವರಿಗೆ ಹೇಗಾದರೂ ಒದಗಿಸುತ್ತೇವೆ. ರಾತ್ರಿ ನಿದ್ದೆಗೆಟ್ಟು, ಮುಂದೇನಾಯಿತೆಂಬ ಕಾತರದಿಂದ ಓದುವ ಸುಖವನ್ನು ಈವರೆಗೆ ಒದಗಿಸಿಲ್ಲ.